ಈ ಫೋಟೊ ತೆಗೆದವರು ಯಾರು?

ಒಂಟಿಯಾಗಿ ಊರು ಸುತ್ತುವವರ ಫೋನ್ ತೆರೆದರೆ ಸಾಮಾನ್ಯವಾಗಿ ಎರಡೇ ಬಗೆಯ ಚಿತ್ರಗಳು ಸಿಗುತ್ತವೆ. ಒಂದರಲ್ಲಿ ಗುಡಿಯಿದೆ, ಹೋದವರಿಲ್ಲ. ಇನ್ನೊಂದರಲ್ಲಿ ಹೋದವರ ಮೂಗಿದೆ, ಗುಡಿಯಿಲ್ಲ. ಮೊದಲನೆಯದನ್ನು ಯಾರು ಬೇಕಾದರೂ ತೆಗೆದಿರಬಹುದು. ಅದಕ್ಕಿಂತ ಚೆನ್ನಾಗಿರುವವು ಅಂತರ್ಜಾಲದಲ್ಲಿ ರಾಶಿ ಬಿದ್ದಿವೆ. ಎರಡನೆಯದನ್ನು ಎಲ್ಲಿ ಬೇಕಾದರೂ ತೆಗೆದಿರಬಹುದು. ಹಿಂದಿರುವುದು ಎಲ್ಲೋರದ ಕೈಲಾಸವೋ ದಾದರ್ ಸ್ಟೇಷನ್ನೋ ತಿಳಿಯುವುದಿಲ್ಲ. ಒಬ್ಬ ಮನುಷ್ಯ ಒಂದು ದಿನ ಒಂದು ಜಾಗದಲ್ಲಿ ನಿಂತಿದ್ದ ಎಂಬ ಸರಳ ಸಂಗತಿ ಎರಡರಲ್ಲೂ ಉಳಿಯುವುದಿಲ್ಲ.

ಇದಕ್ಕೆ ಎರಡು ಮದ್ದು ಚಾಲ್ತಿಯಲ್ಲಿವೆ. ಬುದ್ಧಿ ಹೇಳುವವರು 'ಫೋಟೊ ಹುಚ್ಚು ಬಿಡಿ, ಕಣ್ತುಂಬ ನೋಡಿ' ಎನ್ನುತ್ತಾರೆ. ಅಂಗಡಿಯವರು 'ಇದಕ್ಕಿಂತ ದುಬಾರಿ ಫೋನ್ ಕೊಳ್ಳಿ' ಎನ್ನುತ್ತಾರೆ. ಎರಡೂ ರೋಗ ತಿಳಿಯದೆ ಕೊಟ್ಟ ಮದ್ದು. ಒಂಟಿ ಪ್ರಯಾಣಿಕರು ತಮ್ಮ ಫೋಟೊ ತೆಗೆದುಕೊಳ್ಳುವುದನ್ನು ಬಿಡಬೇಕಾಗಿಲ್ಲ, ಚೆನ್ನಾಗಿ ತೆಗೆದುಕೊಳ್ಳಬೇಕು. ಕೈಯಲ್ಲಿರುವ ಸಾಧಾರಣ ಫೋನೇ ಅದಕ್ಕೆ ಸಾಕು. ಅಡ್ಡ ಬರುತ್ತಿರುವುದು ಜನರ ಮುಂದಿನ ನಾಚಿಕೆ, ಮನೆಯವರ ಸಂಶಯ ಮತ್ತು ಕಾಲ ಮೀರಿದ ಒಂದು ಸರ್ಕಾರಿ ನಿಯಮ.

ಕೈಯಳತೆಯ ದೋಷ

ಮೊದಲು ಸೆಲ್ಫಿಯ ದೋಷವನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು. ತೋಳು ಎಷ್ಟು ಉದ್ದವೋ ಸೆಲ್ಫಿಯ ಲೋಕ ಅಷ್ಟೇ ಉದ್ದ. ಅಷ್ಟು ಹತ್ತಿರದಿಂದ ಅಗಲ ಕೋನದ ಲೆನ್ಸ್ ನೋಡಿದಾಗ ಮುಂದಿರುವುದು ಊದುತ್ತದೆ, ಹಿಂದಿರುವುದು ಕುಗ್ಗುತ್ತದೆ. ಮುಖದಲ್ಲಿ ಎಲ್ಲಕ್ಕಿಂತ ಮುಂದಿರುವುದು ಮೂಗು. ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ ಹನ್ನೆರಡು ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಸೆಲ್ಫಿ ನೋಡಿ ಮೂಗು ಸರಿಮಾಡಿಸಿಕೊಳ್ಳಲು ಬರುವವರಿಗೆ ಉತ್ತರ ಹೇಳಲೆಂದೇ ಆ ಲೆಕ್ಕ ಹುಟ್ಟಿತು. ದೂರ ಕಡಿಮೆಯಾದದ್ದಕ್ಕೆ ದೂರು ಮುಖದ ಮೇಲೆ ಬಂದಿದೆ.

ಹಿಂದಿನ ಗೋಪುರಕ್ಕೂ ಇದೇ ಗತಿ. ಹತ್ತಿರದ ತಲೆ ಅರ್ಧ ಚೌಕಟ್ಟು ನುಂಗಿದ ಮೇಲೆ ನೂರಡಿ ಎತ್ತರದ ಕಟ್ಟಡ ಕಿವಿಯ ಪಕ್ಕದ ಬೆಂಕಿಪೊಟ್ಟಣವಾಗುತ್ತದೆ.

ಪರಿಹಾರ ತೀರಾ ಸರಳ: ಫೋನನ್ನು ಕೈಯಿಂದ ಬಿಡಬೇಕು. ಹತ್ತು ಹೆಜ್ಜೆ ದೂರದಲ್ಲಿ ಎಲ್ಲಾದರೂ ಅದನ್ನು ನಿಲ್ಲಿಸಿ, ಹಿಂಬದಿಯ ಒಳ್ಳೆಯ ಕ್ಯಾಮೆರಾವನ್ನು ತನ್ನತ್ತ ತಿರುಗಿಸಿ, ಟೈಮರ್ ಹಾಕಬೇಕು. ಟೈಮರ್ ಇಲ್ಲದ ಫೋನ್ ಈಗ ಸಿಗುವುದೇ ಕಷ್ಟ. ಹೀಗಿದ್ದೂ ಎಷ್ಟೋ ಮಂದಿ ಅದನ್ನು ಮುಟ್ಟುವುದಿಲ್ಲ. ಯಾಕೆ ಎಂಬುದೇ ಇಲ್ಲಿನ ಪ್ರಶ್ನೆ.

ಚೆನ್ನಾಗಿ ಬಂದರೆ ಸಂಶಯ

ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸಕ್ಕಿರುವ ಧಾರವಾಡ ಕಡೆಯ ಹುಡುಗಿಯೊಬ್ಬಳು ವಾರದ ರಜೆಯಲ್ಲಿ ಒಬ್ಬಳೇ ತಿರುಗಾಡಲು ಹೋದಳೆನ್ನಿ. ಸೆಲ್ಫಿ ಕಳಿಸಿದರೆ ಮನೆಯವರ ಗುಂಪಿನಲ್ಲಿ ಒಂದು ಹೂವು, ಎರಡು ಹೆಬ್ಬೆಟ್ಟು. ಅದೇ ದೂರದಿಂದ, ತಲೆಯಿಂದ ಕಾಲಿನವರೆಗೆ, ಬೆಳಕು ಬಿದ್ದು, ಹಿಂದೆ ಕೋಟೆ ನಿಂತ ಒಂದು ಚಿತ್ರ ಕಳಿಸಿದರೆ ಅವ್ವನ ಫೋನ್ ಬರುತ್ತದೆ. 'ಫೋಟೊ ಭಾಳ ಛೊಲೊ ಬಂದದ ಬಿಡವ್ವಾ. ಯಾರ ತಗದ್ರು?'

ಆ ಕೊನೆಯ ಎರಡು ಪದಗಳಲ್ಲಿ ಇಡೀ ಸಮಸ್ಯೆಯಿದೆ. ಕೆಟ್ಟ ಚಿತ್ರ ಒಂಟಿತನಕ್ಕೆ ಸಾಕ್ಷಿ. ಒಳ್ಳೆಯ ಚಿತ್ರ ಇನ್ನೊಬ್ಬರು ಇದ್ದರೆಂಬುದಕ್ಕೆ ಸಾಕ್ಷಿ. ಹೆಣ್ಣೊಬ್ಬಳು ಚೆನ್ನಾಗಿ ಕಾಣಬೇಕಾದರೆ ಅವಳನ್ನು ನೋಡುವವರೊಬ್ಬರು ಎದುರಿಗೆ ಇರಲೇಬೇಕು ಎಂಬ ನಂಬಿಕೆ ಈ ಪ್ರಶ್ನೆಯ ಬುಡದಲ್ಲಿದೆ. ಹುಡುಗರನ್ನೂ ಇದೇ ಪ್ರಶ್ನೆ ಕೇಳುತ್ತಾರೆ, ಕಣ್ಣು ಮಿಟುಕಿಸಿ ಕೇಳುತ್ತಾರೆ. ಅವರಿಗೆ ಅದು ತಮಾಷೆ. ಹುಡುಗಿಯರಿಗೆ ಅದು ವಿಚಾರಣೆ. ಮುಂದಿನ ಪ್ರಯಾಣಕ್ಕೆ ಅನುಮತಿ ಸಿಗುತ್ತದೋ ಇಲ್ಲವೋ ಎಂಬುದು ಕೊಟ್ಟ ಉತ್ತರದ ಮೇಲೆ ನಿಂತಿರುತ್ತದೆ. ಹೀಗಾಗಿ ಎಷ್ಟೋ ಮಂದಿ ಒಳ್ಳೆಯ ಚಿತ್ರವನ್ನು ಬಚ್ಚಿಟ್ಟು, ಮೂಗು ಊದಿದ ಸೆಲ್ಫಿಯನ್ನೇ ಮನೆಗೆ ಕಳಿಸುತ್ತಾರೆ. ಚೆನ್ನಾಗಿ ಕಾಣುವುದೇ ಅಪರಾಧದ ಕುರುಹಾದ ಮೇಲೆ ಇನ್ನೇನು ಮಾಡಿಯಾರು?

'ಹಾಗಾದರೆ ಅಲ್ಲೇ ಇರುವ ಯಾರಿಗಾದರೂ ಫೋನ್ ಕೊಟ್ಟು ತೆಗೆಸಿಕೊಳ್ಳಬಾರದೆ?' ಎಂದು ಕೇಳುವವರುಂಟು. ಹೆಚ್ಚಾಗಿ ಈ ಮಾತು ಹೇಳುವವರು ಗಂಡಸರು, ಅದೂ ಸಂಸಾರ ಸಮೇತ ಹೋಗುವವರು. ಅಪರಿಚಿತನಿಗೆ ಫೋನ್ ಕೊಡುವುದೆಂದರೆ ಬೀಗ ತೆರೆದ ಮನೆಯನ್ನೇ ಕೊಟ್ಟಂತೆ. ಅದರಲ್ಲಿ ಬ್ಯಾಂಕೂ ಇದೆ, ಸಂದೇಶಗಳೂ ಇವೆ. ಫೋಟೊ ತೆಗೆದವನ ಮುಂದಿನ ಮಾತು ದೆಹಲಿಯಲ್ಲಾದರೆ 'ಅಕೇಲೀ ಆಯೀ ಹೋ?' ಎಂದಿರುತ್ತದೆ. 'ಒಂದು ಫೋಟೊ ತೆಗೀತೀರಾ' ಎಂದು ಕೇಳುವುದೇ ತಾನು ಒಬ್ಬಳೇ ಬಂದಿದ್ದೇನೆ ಎಂದು ಸಾರ್ವಜನಿಕವಾಗಿ ಡಂಗುರ ಸಾರಿದಂತೆ. ಹುಡುಗಿಯರು, ಸಂಸಾರಸ್ಥ ಹೆಂಗಸರು ಯಾರಾದರೂ ಕಂಡರೆ ಕೇಳಬಹುದು, ಅದು ಸರಿ. ಆದರೆ ಅಂಥವರು ಯಾವಾಗಲೂ ಸಿಗುವುದಿಲ್ಲ. ಸಿಕ್ಕವರೂ ಪಾದ ಕತ್ತರಿಸಿ, ತಲೆಯ ಮೇಲೆ ಮೂರು ಅಡಿ ಆಕಾಶ ಬಿಟ್ಟು, ಒಂದೇ ಸಲ ಒತ್ತಿ ಫೋನ್ ವಾಪಸು ಕೊಡುತ್ತಾರೆ. 'ಇನ್ನೊಂದು ತೆಗೀರಿ' ಎನ್ನಲು ನಾಲಿಗೆ ಬರುವುದಿಲ್ಲ.

ತನ್ನ ಚಿತ್ರ ತಾನೇ ತೆಗೆಯುವ ಕೌಶಲ ಒಂಟಿಯಾಗಿ ಹೋಗುವವರಿಗೆ ರೈಲಿನ ಟಿಕೆಟ್ ತಾನೇ ಮಾಡಿಸುವಷ್ಟೇ, ಅಪರಿಚಿತ ಊರಿನಲ್ಲಿ ರೂಮು ತಾನೇ ಹುಡುಕುವಷ್ಟೇ ಅಗತ್ಯವಾಗುವುದು ಇದರಿಂದಾಗಿ.

ಹೆಮ್ಮೆಯೇನು ಹೊಸದೆ?

'ಇದೆಲ್ಲ ಈಗಿನವರ ಆತ್ಮರತಿ' ಎಂಬುದು ಇನ್ನೊಂದು ಆರೋಪ. ಈಗಿನವರೇ ಎಂದರೆ ಯಾರು? ಉಳಿದುಬಂದಿರುವ ಅತಿ ಹಳೆಯ ಮನುಷ್ಯ ಭಾವಚಿತ್ರಗಳಲ್ಲೊಂದು 1839ರಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ ತನ್ನನ್ನೇ ತಾನು ತೆಗೆದುಕೊಂಡದ್ದು. ತ್ರಿಪುರಾದ ಮಹಾರಾಜ ಬೀರಚಂದ್ರ ಮಾಣಿಕ್ಯ ರಾಣಿಯ ಜೊತೆ ಕೂತು, ದೂರದ ಕ್ಯಾಮೆರಾವನ್ನು ಕೈಯಲ್ಲಿದ್ದ ತಂತಿಯಿಂದ ನಡೆಸಿ ತೆಗೆದುಕೊಂಡ ಚಿತ್ರ 1880ರ ಆಸುಪಾಸಿನದು. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ ಬುಡಾಪೆಸ್ಟ್, ಪ್ಯಾರಿಸ್, ಶಿಮ್ಲಾ ಎನ್ನದೆ ದಶಕಗಳ ಕಾಲ ತಮ್ಮದೇ ಚಿತ್ರಗಳನ್ನು ತೆಗೆದುಕೊಂಡರು. ಇಂದು ಅವುಗಳನ್ನು ಕಲೆ ಎಂದು ಕರೆಯುತ್ತಾರೆ. ಷಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ ವಿವಿಯನ್ ಮೇಯರ್ ಅಂಗಡಿಯ ಗಾಜಿನಲ್ಲಿ, ರಸ್ತೆಬದಿಯ ಕನ್ನಡಿಯಲ್ಲಿ, ನೆಲದ ಮೇಲೆ ಬಿದ್ದ ನೆರಳಿನಲ್ಲಿ ತಮ್ಮನ್ನು ಹಿಡಿದಿಟ್ಟರು. 2007ರಲ್ಲಿ ಆಕೆಯ ನೆಗೆಟಿವ್‌ಗಳು ಹರಾಜಿನಲ್ಲಿ ಸಿಗುವವರೆಗೂ ಅವನ್ನು ನೋಡಿದವರೇ ಇರಲಿಲ್ಲ ಎನ್ನಬೇಕು. ಯಾರಿಗೂ ತೋರಿಸದೆ ಇಟ್ಟುಕೊಂಡ ಚಿತ್ರಗಳನ್ನು ಪ್ರದರ್ಶನದ ಚಟ ಎನ್ನಲು ಬರುವುದಿಲ್ಲ. ಮಹಾರಾಜರು ತೆಗೆದುಕೊಂಡರೆ ಇತಿಹಾಸ, ಕಾಲ್ ಸೆಂಟರಿನ ಹುಡುಗಿ ತೆಗೆದುಕೊಂಡರೆ ಹುಚ್ಚು ಎಂಬ ನ್ಯಾಯ ಯಾವ ಊರಿನದು?

ದೂರ ಯಾಕೆ, ಇಂದು ಬುದ್ಧಿ ಹೇಳುವವರ ತಂದೆತಾಯಿಗಳನ್ನೇ ನೋಡಬಹುದು. ಜಾತ್ರೆಗೆ ಹೋದಾಗ, ಮದುವೆಯಾದ ಹೊಸದರಲ್ಲಿ, ಪೇಟೆಯ ಸ್ಟುಡಿಯೋಗೆ ಹೋಗಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಪೌಡರ್ ಹಚ್ಚಿ, ಬಣ್ಣ ಬಳಿದ ಜಲಪಾತದ ಪರದೆಯ ಮುಂದೆ ಕೂತು ಫೋಟೊ ತೆಗೆಸಿಕೊಂಡವರು ಅವರು. ಆ ಜಲಪಾತ ಸುಳ್ಳು, ಮೇಜಿನ ಮೇಲಿನ ಹೂದಾನಿ ಬಾಡಿಗೆಯದು. ಅದನ್ನು ಯಾರೂ ಆತ್ಮರತಿ ಎನ್ನಲಿಲ್ಲ. ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ನಿಜವಾದ ಜಲಪಾತದ ಮುಂದೆ ನಿಜವಾಗಿ ನಿಂತವಳಿಗೆ ಮಾತ್ರ ಈ ಬೈಗುಳ.

ಅರ್ಧ ಹೇಳಿದ ಸಂಶೋಧನೆ

'ಫೋಟೊ ತೆಗೆದರೆ ನೆನಪು ಉಳಿಯುವುದಿಲ್ಲ, ವಿಜ್ಞಾನವೇ ಹೇಳಿದೆ' ಎನ್ನುವವರು ಸಾಮಾನ್ಯವಾಗಿ ಅಮೆರಿಕದ ಮನಃಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ವಸ್ತುಸಂಗ್ರಹಾಲಯವೊಂದರಲ್ಲಿ ನಡೆಸಿದ ಪ್ರಯೋಗವನ್ನು ತಿಳಿದೋ ತಿಳಿಯದೆಯೋ ಉಲ್ಲೇಖಿಸುತ್ತಿರುತ್ತಾರೆ. ಬರೀ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳು ವಿದ್ಯಾರ್ಥಿಗಳಿಗೆ ಕಡಿಮೆ ನೆನಪಿದ್ದವು ಎಂಬುದು ಅದರ ಮೊದಲರ್ಧ. ವಸ್ತುವಿನ ಒಂದು ಭಾಗವನ್ನು ಆರಿಸಿ, ಹತ್ತಿರಕ್ಕೆ ಎಳೆದು ತೆಗೆದವರಿಗೆ ಆ ಮರೆವು ಇರಲಿಲ್ಲ ಎಂಬುದು ಎರಡನೆಯ ಅರ್ಧ. ಬುದ್ಧಿವಾದದಲ್ಲಿ ಎರಡನೆಯ ಅರ್ಧ ಕಾಣೆಯಾಗಿದೆ.

ಆ ಪ್ರಯೋಗ ವಸ್ತುಗಳನ್ನು ಕುರಿತದ್ದು, ತನ್ನ ಚಿತ್ರ ತಾನು ತೆಗೆಯುವವರನ್ನು ಕುರಿತದ್ದಲ್ಲ. ಅದನ್ನು ಇಲ್ಲಿಗೆ ಪೂರ್ತಿ ಎಳೆತರುವುದು ಸರಿಯಲ್ಲ. ಆದರೆ ಗಮನವಿಟ್ಟು ತೆಗೆಯುವುದೂ ನಡೆಯುತ್ತ ನಡೆಯುತ್ತ ಒತ್ತುವುದೂ ಒಂದೇ ಅಲ್ಲ ಎಂಬುದಂತೂ ಅದರಿಂದ ಸ್ಪಷ್ಟ. ಒಂಟಿಯಾಗಿ ಒಂದು ಒಳ್ಳೆಯ ಚಿತ್ರಕ್ಕೆ ಅಣಿಯಾಗುವವರು ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಲೇಬೇಕು. ಮಹಾಬಲಿಪುರದ ಕಡಲತೀರದ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಆದ್ದರಿಂದ ಅದರ ಮುಂಭಾಗಕ್ಕೆ ಬೆಳಗಿನ ಬೆಳಕು. ಎಲ್ಲೋರದ ಕೈಲಾಸ ಪಶ್ಚಿಮಕ್ಕೆ ಮುಖ ಮಾಡಿದೆ, ಅಲ್ಲಿಗೆ ಮಧ್ಯಾಹ್ನದ ಮೇಲೆ ಹೋಗಬೇಕು. ಗುಂಪು ಯಾವಾಗ ಕರಗುತ್ತದೆ, ಯಾವ ಕಂಬದ ನೆರಳು ಎಲ್ಲಿಗೆ ಬೀಳುತ್ತದೆ ಎಂದು ಕಾಯಬೇಕು. ಗೈಡಿನ ಹಿಂದೆ ಇಪ್ಪತ್ತು ನಿಮಿಷದಲ್ಲಿ ಓಡಿ ಮುಗಿಸಿದವರಿಗಿಂತ, ಒಂದು ಚಿತ್ರಕ್ಕಾಗಿ ಒಂದು ಗಂಟೆ ಅಂಗಳದಲ್ಲಿ ಕೂತವರು ಆ ಕಲ್ಲನ್ನು ಹೆಚ್ಚು ನೋಡಿರುತ್ತಾರೆ.

ಅಂಚಿನ ಸಾವುಗಳು

ಸೆಲ್ಫಿ ಸಾವುಗಳ ಮಾತು ಬಂದಾಗ ಮಾತ್ರ ತಮಾಷೆ ನಿಲ್ಲಬೇಕು. 2011ರ ಅಕ್ಟೋಬರ್‌ನಿಂದ 2017ರ ನವೆಂಬರ್‌ವರೆಗೆ ಜಗತ್ತಿನ ಸುದ್ದಿವರದಿಗಳಲ್ಲಿ ಸಿಕ್ಕ 259 ಸಾವುಗಳನ್ನು ದೆಹಲಿಯ ಏಮ್ಸ್ ವೈದ್ಯರು ಸೇರಿ ಮಾಡಿದ ಅಧ್ಯಯನ ಪಟ್ಟಿ ಮಾಡಿತು. ಅದರಲ್ಲಿ 159 ಭಾರತದವು. ಎಲ್ಲಕ್ಕಿಂತ ಹೆಚ್ಚು ಮಂದಿ ಸತ್ತದ್ದು ನೀರಿನಲ್ಲಿ ಮುಳುಗಿ. ನಂತರದ ಸ್ಥಾನಗಳಲ್ಲಿ ರೈಲಿನಂಥ ವಾಹನಗಳ ಅಪಘಾತ, ಎತ್ತರದಿಂದ ಬೀಳುವುದು ಬರುತ್ತವೆ. ಸತ್ತವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಗಂಡಸರು. ಬೈಗುಳ ತಿನ್ನುವವರು ಹುಡುಗಿಯರು, ಸಾಯುತ್ತಿರುವವರು ಹುಡುಗರು.

ಸರ್ಕಾರಗಳ ಉತ್ತರ ನಿಷೇಧದ ಫಲಕ. 2016ರಲ್ಲಿ ಬಾಂದ್ರಾದ ಸಮುದ್ರದಂಡೆಯ ದುರಂತದ ನಂತರ ಮುಂಬೈ ಪೊಲೀಸರು ನಗರದ ಹಲವು ಜಾಗಗಳನ್ನು ಸೆಲ್ಫಿ ನಿಷಿದ್ಧ ಎಂದು ಗುರುತಿಸಿದರು. ಮಳೆಗಾಲದ ಅಲೆಯ ಎದುರು, ಜಾರುಬಂಡೆಯ ಮೇಲೆ ಅಂಥ ನಿಷೇಧ ಬೇಕೇ ಬೇಕು. ಆದರೆ ಜನ ಅಂಚಿಗೆ ಯಾಕೆ ಹೋಗುತ್ತಾರೆ ಎಂದು ಯಾರೂ ಕೇಳಲಿಲ್ಲ. ಧೈರ್ಯ ತೋರಿಸುವ ಹುಚ್ಚು ಒಂದು ಕಾರಣ. ಇನ್ನೊಂದು ಕಾರಣ ಮತ್ತದೇ ಕೈಯಳತೆ. ತೋಳಿನ ತುದಿಯ ಅಗಲ ಕೋನದ ಕ್ಯಾಮೆರಾದಲ್ಲಿ ಹಿಂದಿನ ಕಣಿವೆ ಎಷ್ಟು ಕುಗ್ಗುತ್ತದೆಂದರೆ, ಅದು ಕಾಣಬೇಕಾದರೆ ಒಂದು ಹೆಜ್ಜೆ ಹಿಂದಕ್ಕೆ, ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗುತ್ತಲೇ ಇರಬೇಕು. ಹೋಗುವವರ ಕಣ್ಣು ಪರದೆಯ ಮೇಲೆ, ಬೆನ್ನು ಕಣಿವೆಗೆ.

ಫೋನನ್ನು ನೆಲಕ್ಕೆ ಹತ್ತಿರವಾಗಿ, ದೂರದಲ್ಲಿಟ್ಟರೆ ಈ ಲೆಕ್ಕವೇ ತಲೆಕೆಳಗಾಗುತ್ತದೆ. ಕ್ಯಾಮೆರಾ ತಗ್ಗಿನಲ್ಲಿದ್ದಾಗ ನಿಂತವರ ಕಾಲಿಗೂ ಅಂಚಿಗೂ ನಡುವಿನ ನೆಲ ಚಿತ್ರದಲ್ಲಿ ಅಡಗಿಹೋಗುತ್ತದೆ. ಹದಿನೈದು ಅಡಿ ಒಳಗೆ ನಿಂತರೂ ಕಣಿವೆಯ ಬಾಯಲ್ಲೇ ನಿಂತಂತೆ ಕಾಣುತ್ತದೆ. ಫೋನನ್ನು ಇನ್ನಷ್ಟು ಹಿಂದಿಟ್ಟು ಎರಡು ಪಟ್ಟು ಜೂಮ್ ಮಾಡಿದರೆ ಹಿಂದಿನ ಬೆಟ್ಟ ಮನುಷ್ಯನ ಹೆಗಲಿಗೆ ಬಂದು ನಿಲ್ಲುತ್ತದೆ. ಅಂದರೆ ಸುರಕ್ಷಿತವಾದ ಚಿತ್ರವೇ ಸುಂದರವಾದ ಚಿತ್ರವೂ ಹೌದು. ನಿಲ್ಲುವ ಜಾಗವನ್ನು ಮೊದಲೇ ನೋಡಿಕೊಂಡು ಒಂದು ಕಲ್ಲು ಗುರುತಿಟ್ಟುಕೊಳ್ಳಬೇಕು. ಹತ್ತು ಸೆಕೆಂಡಿನ ಟೈಮರ್ ಹಾಕಿ ಓಡಬಾರದು. ಅವಸರವೆನಿಸಿದರೆ ವಿಡಿಯೋ ಚಾಲೂ ಮಾಡಿ ನಿಧಾನವಾಗಿ ನಡೆದುಹೋಗಿ ನಿಂತು ಬರಬಹುದು. ಫೋರ್-ಕೆ ವಿಡಿಯೋದ ಒಂದೊಂದು ಚೌಕಟ್ಟೂ ಸುಮಾರು 8 ಮೆಗಾಪಿಕ್ಸೆಲ್‌ನ ಚಿತ್ರ. ಎ-ಫೋರ್ ಹಾಳೆಯ ಅಳತೆಗೆ ಮುದ್ರಿಸಲು ಅಷ್ಟು ಸಾಕು. ಇದನ್ನು ಒಂದು ಫಲಕದಲ್ಲಿ ಚಿತ್ರಸಹಿತ ಬರೆದು ಹಾಕುವ ಖರ್ಚು ನಿಷೇಧದ ಫಲಕಕ್ಕಿಂತ ಹೆಚ್ಚೇನಲ್ಲ.

ಮೂರು ಕಾಲಿನ ಭಯ

ಇಷ್ಟೆಲ್ಲ ಕಲಿತು ಗೇಣುದ್ದದ ಟ್ರೈಪಾಡ್ ಒಂದನ್ನು ಚೀಲದಲ್ಲಿಟ್ಟುಕೊಂಡು ಸ್ಮಾರಕದ ಬಾಗಿಲಿಗೆ ಹೋದರೆ ಅಲ್ಲಿ ಕಾವಲುಗಾರ ತಡೆಯುತ್ತಾನೆ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ದೇಶದಲ್ಲಿ 3,600ಕ್ಕೂ ಹೆಚ್ಚು ಸ್ಮಾರಕಗಳನ್ನು ನೋಡಿಕೊಳ್ಳುತ್ತದೆ. 2018ರ ಜುಲೈನಲ್ಲಿ ಅದು ಫೋಟೊ ನಿರ್ಬಂಧವನ್ನು ಬಹುಮಟ್ಟಿಗೆ ಸಡಿಲಿಸಿತು. ಅಜಂತಾದ ಭಿತ್ತಿಚಿತ್ರಗಳು, ತಾಜ್‌ಮಹಲಿನ ಒಳಗಿನ ಸಮಾಧಿಯಂಥ ಕೆಲವನ್ನು ಬಿಟ್ಟರೆ ಉಳಿದೆಡೆ ಕ್ಯಾಮೆರಾ ಹಿಡಿಯಬಹುದು. ಆದರೆ ಟ್ರೈಪಾಡ್‌ಗೆ ಮುಂಚಿತವಾಗಿ ಅನುಮತಿ ಬೇಕೆಂಬ ಷರತ್ತು ಹಾಗೆಯೇ ಉಳಿಯಿತು.

ಈ ಷರತ್ತಿಗೆ ಅರ್ಥವಿದ್ದ ಕಾಲವೊಂದಿತ್ತು. ಮೂರು ಕಾಲಿನ ಸ್ಟ್ಯಾಂಡ್ ತಂದವನೆಂದರೆ ಸಿನಿಮಾದವನು, ಜಾಹೀರಾತಿನವನು. ದಾರಿ ಕಟ್ಟುತ್ತಾನೆ, ನೆಲ ಗೀಚುತ್ತಾನೆ, ಚಿತ್ರದಿಂದ ಹಣ ಮಾಡುತ್ತಾನೆ. ಅಂಥವನಿಂದ ಪರವಾನಗಿ ಕೇಳುವುದು ಇಂದಿಗೂ ನ್ಯಾಯವೇ. ಆದರೆ ರಬ್ಬರ್ ಪಾದದ, ನೀರಿನ ಬಾಟಲಿಗಿಂತ ಹಗುರವಾದ ಸ್ಟ್ಯಾಂಡಿಗೂ ಅದೇ ನಿಯಮ ಹೇಳುವುದೆಂದರೆ ಸೈಕಲ್ಲಿಗೆ ಲಾರಿಯ ಟೋಲ್ ಕೇಳಿದಂತೆ. ಕೈಯಲ್ಲಿ ಹಿಡಿದ ಒಂದೂವರೆ ಲಕ್ಷದ ಕ್ಯಾಮೆರಾ ಹವ್ಯಾಸವಂತೆ, ಇನ್ನೂರು ರೂಪಾಯಿಯ ಸ್ಟ್ಯಾಂಡ್ ವ್ಯಾಪಾರವಂತೆ. ಈ ನಿಯಮದ ಪೆಟ್ಟು ಬೀಳುವುದು ಒಂಟಿಯಾಗಿ ಬಂದವರ ಮೇಲೆ ಮಾತ್ರ. ಜೋಡಿಗೆ ಸ್ಟ್ಯಾಂಡ್ ಬೇಕಿಲ್ಲ, ಒಬ್ಬರಿಗೊಬ್ಬರಿದ್ದಾರೆ. ಸಂಸಾರಕ್ಕೆ ಬೇಕಿಲ್ಲ, ಮಾವನಿದ್ದಾನೆ. ಒಬ್ಬರೇ ಬಂದವರಿಗೆ ಸ್ಮಾರಕದ ಬಾಗಿಲಲ್ಲಿ ಹೇಳುತ್ತಿರುವ ಮಾತು ಇಷ್ಟೇ: ಯಾರನ್ನಾದರೂ ಕರೆದುಕೊಂಡು ಬಾ.

ಸ್ಟ್ಯಾಂಡ್ ಇಲ್ಲದವರು ಏನು ಮಾಡುತ್ತಾರೆ? ಫೋನನ್ನು ಶಿಲ್ಪದ ಪೀಠಕ್ಕೆ ಆನಿಸಿಡುತ್ತಾರೆ, ಕಂಬದ ಬುಡದ ಕೆತ್ತನೆಯ ಸಂದಿಗೆ ಸಿಕ್ಕಿಸುತ್ತಾರೆ. ಕಲ್ಲನ್ನು ಉಳಿಸಲು ಮಾಡಿದ ನಿಯಮ ಫೋನನ್ನು ಕಲ್ಲಿನ ಮೇಲೆಯೇ ತಂದಿಟ್ಟಿದೆ. ನಿಯಮ ಇರುವವರೆಗೆ ಒಂಟಿ ಪ್ರಯಾಣಿಕರು ಕೆತ್ತನೆಯ ತಂಟೆಗೆ ಹೋಗದೆ ಹುಲ್ಲುಹಾಸಿನ ಮೇಲಿನ ಬೆಂಚು, ತಮ್ಮದೇ ಚೀಲ, ಬಾಟಲಿ, ಕಳಚಿದ ಚಪ್ಪಲಿಗಳಿಗೆ ಫೋನ್ ಆನಿಸಬೇಕು. ಸೊಂಟದ ಎತ್ತರ ಸಿಕ್ಕರೆ ಗೋಪುರ ಹಿಂದಕ್ಕೆ ವಾಲಿದಂತೆ ಕಾಣುವುದಿಲ್ಲ. ಫೋನ್ ಕಳುವಾಗುವ ಭಯ ಸುಳ್ಳಲ್ಲ. ಜನ ಓಡಾಡುವ ದಾರಿಯಲ್ಲಿ ಇಡದೆ, ಹಿಂದೆ ಗೋಡೆಯಿರುವ ಕಡೆ, ಹತ್ತು ಹೆಜ್ಜೆಯೊಳಗೆ ಇಡುವುದು ಜಾಣತನ.

ಎಂಥದ್ದು ಒಳ್ಳೆಯ ಚಿತ್ರ

ಒಂಟಿ ಪ್ರಯಾಣಿಕರ ಪರವಾಗಿ ಇಷ್ಟು ವಾದ ಮಾಡಿದ ಮೇಲೆ ಅವರಿಗೂ ಒಂದು ಮಾತು ಹೇಳಬೇಕು. ಬಾಲಿ ದ್ವೀಪದ ಲೆಂಪುಯಾಂಗ್ ದೇವಾಲಯದ ಹೆಬ್ಬಾಗಿಲ ಚಿತ್ರ ಇನ್‌ಸ್ಟಾಗ್ರಾಮಿನಲ್ಲಿ ನೋಡದವರಿಲ್ಲ. ನಿಂತವರ ಕೆಳಗೆ ತಿಳಿನೀರಿನ ಕೊಳ, ಅದರಲ್ಲಿ ಬಾಗಿಲಿನ ಪ್ರತಿಬಿಂಬ. ಅಲ್ಲಿ ಕೊಳವೇ ಇಲ್ಲ. ಫೋಟೊ ತೆಗೆಯುವವನು ಲೆನ್ಸಿನ ಕೆಳಗೆ ಒಂದು ಕನ್ನಡಿ ಚೂರು ಹಿಡಿದಿರುತ್ತಾನೆ. ಅದಕ್ಕಾಗಿ ಜನ ಗಂಟೆಗಟ್ಟಲೆ ಸಾಲು ನಿಲ್ಲುತ್ತಾರೆ. ಟೊಪ್ಪಿಗೆ ಹಿಡಿದು ಬೆನ್ನು ತೋರಿಸಿ ನಿಲ್ಲುವ ಭಂಗಿಯೂ ಇದೇ ಜಾತಿಯದು. ಇನ್ನೊಬ್ಬರು ನಿಂತ ಜಾಗದಲ್ಲಿ ಇನ್ನೊಬ್ಬರು ನಿಂತ ಹಾಗೆಯೇ ನಿಲ್ಲಬೇಕಿದ್ದರೆ ಒಂಟಿಯಾಗಿ ಹೋಗುವ ಕಷ್ಟ ಯಾಕೆ? ಬುದ್ಧಿ ಹೇಳುವವರ ಸಿಟ್ಟಿಗೆ ಏನಾದರೂ ನ್ಯಾಯವಿದ್ದರೆ ಅದು ಇಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶದ ಗುಡಿ ಗೋಪುರಗಳ ಫೋಟೊ ತೆಗೆದ ಬ್ರಿಟಿಷರು ಎಷ್ಟೋ ಸಲ ಕಂಬದ ಪಕ್ಕ ಸ್ಥಳೀಯನೊಬ್ಬನನ್ನು ನಿಲ್ಲಿಸುತ್ತಿದ್ದರು. ಕಟ್ಟಡ ಎಷ್ಟು ಎತ್ತರ ಎಂದು ನೋಡುವವರಿಗೆ ತಿಳಿಯಲಿ ಎಂದು ಆ ಮನುಷ್ಯ ಅಳತೆಗೋಲಾಗಿ ನಿಲ್ಲಬೇಕಿತ್ತು. ಗುಡಿಯ ಹೆಸರು ಬರೆದಿಟ್ಟರು, ಅವನ ಹೆಸರನ್ನು ಬರೆಯಲಿಲ್ಲ. ಒಳ್ಳೆಯ ಒಂಟಿ ಚಿತ್ರ ಆ ಅಳತೆಯನ್ನು ಉಳಿಸಿಕೊಂಡು ಆ ಅನ್ಯಾಯವನ್ನು ಬಿಡುತ್ತದೆ. ರಾಷ್ಟ್ರಕೂಟ ಕೃಷ್ಣನ ಕಾಲದ ಕೈಲಾಸದ ಅಂಗಳದಲ್ಲಿ, ಬಂಡೆಯಿಂದಲೇ ಬಿಡಿಸಿದ ಆ ಎತ್ತರದ ಕಂಬದ ಬುಡದಲ್ಲಿ ಸಣ್ಣದಾಗಿ ನಿಂತವಳ ಚಿತ್ರದಿಂದ ಕಂಬ ಎಷ್ಟು ದೊಡ್ಡದೆಂದು ತಿಳಿಯುತ್ತದೆ, ಯಾರು ಬಂದಿದ್ದಳೆಂದೂ ತಿಳಿಯುತ್ತದೆ. ಮುಖ ದೊಡ್ಡದಾಗಿ ಕಾಣಬೇಕೆಂಬ ಹಟ ಬಿಟ್ಟವರಿಗೆ ಮಾತ್ರ ಇದು ದಕ್ಕುತ್ತದೆ. ಕ್ಯಾಮೆರಾ ನೋಡಿ ನಗಬೇಕೆಂದೇನೂ ಇಲ್ಲ. ನಕಾಶೆ ಬಿಡಿಸುತ್ತ, ಚಹಾ ಕುಡಿಯುತ್ತ, ಶಾಸನ ಓದುತ್ತ ಇದ್ದಂತೆಯೇ ಇದ್ದು ವಿಡಿಯೋ ಓಡಲು ಬಿಟ್ಟರೂ ಸಾಕು. ಅದನ್ನು ಊರು ಬಿಟ್ಟ ಮೇಲೆ ಹಂಚಿಕೊಂಡರೆ ಎಲ್ಲಿದ್ದಾಳೆಂಬ ಗುಟ್ಟೂ ಉಳಿಯುತ್ತದೆ.

ಆಗಬೇಕಾದದ್ದು

ಇಲಾಖೆ ಮಾಡಬೇಕಾದದ್ದು ದೊಡ್ಡದೇನಲ್ಲ. ಒಂದು ಅಡಿಗಿಂತ ಚಿಕ್ಕದಾದ, ರಬ್ಬರ್ ಪಾದದ ಸ್ಟ್ಯಾಂಡಿಗೆ ಅನುಮತಿ ಬೇಡವೆಂದು ಒಂದು ಸಾಲು ಬರೆಯಬೇಕು. ಸಮಾಧಿ, ಗರ್ಭಗುಡಿ, ಬಣ್ಣದ ಚಿತ್ರ, ಇಕ್ಕಟ್ಟಿನ ದಾರಿ ಇವೆಲ್ಲ ಹೊರಗಿರಲಿ. ಜಪಾನಿನ ಎಷ್ಟೋ ವೀಕ್ಷಣಾ ತಾಣಗಳಲ್ಲಿ ಕ್ಯಾಮೆರಾ ಇಡಲೆಂದೇ ಒಂದು ಕಟ್ಟೆಯೋ ಕಂಬವೋ ಇರುತ್ತದೆ. ಇಲ್ಲಿನ ನಗರಪಾಲಿಕೆಗಳು 'ಐ ಲವ್' ಎಂದು ಆಳೆತ್ತರದ ಅಕ್ಷರ ನಿಲ್ಲಿಸಲು ಖರ್ಚು ಮಾಡುವ ಹಣದಲ್ಲಿ ಅಂಥ ಎಷ್ಟು ಕಟ್ಟೆಗಳಾಗುತ್ತವೋ! ಏನನ್ನು ಪ್ರೀತಿಸಬೇಕೆಂದು ಸರ್ಕಾರ ಹೇಳಿಕೊಡಬೇಕಾಗಿಲ್ಲ, ಫೋನ್ ಇಡಲು ಒಂದಿಷ್ಟು ಜಾಗ ಕೊಟ್ಟರೆ ಸಾಕು.

ಮನೆಯವರು ಮಾಡಬೇಕಾದದ್ದು ಇನ್ನೂ ಚಿಕ್ಕದು. ಮಗಳ ಒಳ್ಳೆಯ ಫೋಟೊ ಬಂದಾಗ ಮೊದಲು ಕೇಳುವ ಪ್ರಶ್ನೆಯನ್ನು ಬದಲಿಸಬೇಕು. ಯಾರು ತೆಗೆದರು ಎಂಬುದರ ಬದಲು ಎಷ್ಟು ಹೊತ್ತು ಕಾದೆ, ಫೋನ್ ಎಲ್ಲಿಟ್ಟಿದ್ದೆ, ಅಲ್ಲಿಂದ ಇನ್ನೇನು ಕಂಡಿತು ಎಂದು ಕೇಳಿ ನೋಡಲಿ. ಆ ಕಂಬದ ಬಗ್ಗೆ, ಆ ಸಂಜೆಯ ಬೆಳಕಿನ ಬಗ್ಗೆ, ಅರ್ಧ ಗಂಟೆಯ ಮಾತು ಸಿಗುತ್ತದೆ.

ಆದರೆ ನಿಯಮ ಬದಲಾಗಲಿ, ಮನೆಯವರು ಬದಲಾಗಲಿ ಎಂದು ಕಾಯುತ್ತ ಕೂರುವ ಅಗತ್ಯ ಒಂಟಿಯಾಗಿ ಹೊರಟವರಿಗಿಲ್ಲ. ಟೈಮರ್ ಫೋನಿನಲ್ಲಿ ಇದ್ದೇ ಇದೆ. ನೋಡುವವರು ಎರಡು ನಿಮಿಷ ನೋಡಿ ಮುಂದೆ ಹೋಗುತ್ತಾರೆ. ನಾಚಿಕೆಯ ಆಯಸ್ಸು ಅಷ್ಟೇ. ಚಿತ್ರದ ಆಯಸ್ಸು ಅದಕ್ಕಿಂತ ಬಹಳ ದೊಡ್ಡದು.